ಪರೀಕ್ಷೆ ಅಂದರೆ ಬಾಯಿ ಕಟ್ಟುತ್ತಿದ್ದ ನನ್ನ ವಿದ್ಯಾರ್ಥಿನಿ

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಎರಡನೇ ಸಲ ಕಟ್ಟಿದ್ದ ಹುಡುಗಿಯೊಬ್ಬಳು ನನ್ನ ಹತ್ತಿರ ಪಾಠಕ್ಕೆ ಬಂದಾಗ ಪರೀಕ್ಷೆಗೆ ಇನ್ನು ಆರು ವಾರ ಇತ್ತು. ಹರಟೆಗೆ ಕೂತರೆ ಇಂಗ್ಲಿಷ್ ಸಲೀಸಾಗಿ ಬರುತ್ತಿತ್ತು. ಟೈಮರ್ ಒತ್ತಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. "ಗೊತ್ತಿರೋ ಪದಾನೂ ನೆನಪಾಗಲ್ಲ ಮೇಡಂ" ಅನ್ನುತ್ತಿದ್ದಳು.

ಶುರುವಿನಲ್ಲಿ ಎಡವಿದ್ದು ನಾನೇ. ರೂಢಿಯಾದರೆ ಭಯ ಹೋಗುತ್ತೆ ಅಂತ ದಿನಾ ಒಂದು ಮಾಕ್ ಟೆಸ್ಟ್ ಇಟ್ಟೆ. ತಪ್ಪು ಬಂದಲ್ಲೆಲ್ಲ ನಿಲ್ಲಿಸಿ ತಿದ್ದಿದೆ. ಎರಡು ವಾರದಲ್ಲಿ ಅವಳು ಇನ್ನೂ ಮಂಕಾದಳು. ಪ್ರತಿ ವಾಕ್ಯಕ್ಕೂ ನನ್ನ ಮುಖ ನೋಡತೊಡಗಿದಳು. ಒಬ್ಬ ಪರೀಕ್ಷಕರಿಗೆ ಹೆದರುತ್ತಿದ್ದವಳಿಗೆ ನಾನು ಇನ್ನೊಬ್ಬರನ್ನು ಸೇರಿಸಿದ್ದೆ, ಅಷ್ಟೆ.

ಪುಸ್ತಕ ಮುಚ್ಚಿಟ್ಟು ಕೇಳಿದೆ: "ಸುಮ್ನೆ ಪರೀಕ್ಷೆ ಅನ್ನಬೇಡ. ಅದರಲ್ಲಿ ಯಾವ ಗಳಿಗೆಗೆ ಹೆದರಿಕೆ?" ತುಂಬ ಹೊತ್ತು ಬಿಟ್ಟು ಹೇಳಿದಳು. ಕಳೆದ ಸಲ ಸ್ಪೀಕಿಂಗ್‌ನ, ಅಂದರೆ ಮಾತಾಡುವ ಪರೀಕ್ಷೆಯ, ಎರಡನೇ ಭಾಗದಲ್ಲಿ ಪರೀಕ್ಷಕರು ಮಾತಿನ ಮಧ್ಯೆಯೇ ತಡೆದರಂತೆ. ಅಷ್ಟು ಕೆಟ್ಟದಾಗಿ ಮಾತಾಡಿದೆ ಅಂದುಕೊಂಡು ಮೂರನೇ ಭಾಗದಲ್ಲಿ ಅವಳಿಗೆ ಮಾತೇ ಹೊರಡಲಿಲ್ಲ.

ಆದರೆ ಆ ಭಾಗ ಇರುವುದೇ ಹಾಗೆ. ವಿಷಯ ಬರೆದ ಒಂದು ಕಾರ್ಡ್ ಕೊಡುತ್ತಾರೆ. ಯೋಚನೆಗೆ 1 ನಿಮಿಷ, ಮಾತಿಗೆ 1ರಿಂದ 2 ನಿಮಿಷ. ಎರಡು ನಿಮಿಷ ದಾಟಿದರೆ ಎಷ್ಟೇ ಚೆನ್ನಾಗಿ ಮಾತಾಡುತ್ತಿದ್ದರೂ ತಡೆಯುತ್ತಾರೆ. ಇಡೀ ಸ್ಪೀಕಿಂಗ್ 11ರಿಂದ 14 ನಿಮಿಷದೊಳಗೆ ಮುಗಿಯಬೇಕಲ್ವಾ? ಅಂದರೆ ಅವಳು ಪೂರ್ತಿ ಎರಡು ನಿಮಿಷ ಮಾತಾಡಿರಬೇಕು! ಇಷ್ಟು ದಿನ ಅದನ್ನೇ ಸೋಲು ಅಂದುಕೊಂಡಿದ್ದಳು.

ಅವತ್ತಿನಿಂದ ಪಾಠದ ದಾರಿ ಬದಲಾಯಿತು. ಬೇಕಂತಲೇ ಎಲ್ಲೆಂದರಲ್ಲಿ ತಡೆಯುತ್ತಿದ್ದೆ. ಅವಳು ಒಮ್ಮೆ ಉಸಿರು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಗು.

ಪದ ಮರೆತರೆ ಏನು ಮಾಡೋದು ಅನ್ನುವುದಕ್ಕೂ ಒಂದು ಆಟ ಮಾಡಿದೆವು. ನಾನು ಚೀಟಿಯಲ್ಲಿ ಒಂದು ಪದ ಬರೆದುಕೊಡುತ್ತಿದ್ದೆ. ಆ ಪದ ಬಳಸದೆ ಅದನ್ನು ವಿವರಿಸಬೇಕು. ಇದು ಬರೀ ತೇಪೆ ಕೆಲಸವಲ್ಲ. ಸ್ಪೀಕಿಂಗ್‌ನಲ್ಲಿ ನಿರರ್ಗಳತೆ, ಪದಬಳಕೆ, ವ್ಯಾಕರಣ, ಉಚ್ಚಾರಣೆ ನಾಲ್ಕಕ್ಕೂ ಸಮಾನ ತೂಕ. ಮರೆತ ಪದವನ್ನು ಬೇರೆ ಮಾತಿನಲ್ಲಿ ಹೇಳುವ ಜಾಣ್ಮೆಯೂ ಪದಬಳಕೆಯ ಲೆಕ್ಕಕ್ಕೆ ಬರುತ್ತದೆ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಅನ್ನಬಹುದು. ಅದನ್ನು ಕೇಳಲೂ ನಾಚುತ್ತಿದ್ದಳು, ಹಾಗಾಗಿ ಆ ವಾಕ್ಯವನ್ನೇ ಹತ್ತು ಸಲ ಹೇಳಿಸಿದೆ.

ತಪ್ಪುಗಳನ್ನು ಹಾಳೆಯಲ್ಲಿ ಗುರುತು ಹಾಕಿಕೊಂಡು, ಕೊನೆಯಲ್ಲಿ ಎರಡನ್ನು ಮಾತ್ರ ಹೇಳುತ್ತಿದ್ದೆ. ಉಳಿದವನ್ನು ನುಂಗಿಕೊಳ್ಳುವುದು ನನಗೇ ಕಷ್ಟವಾಯಿತು. ಮಾಕ್ ಟೆಸ್ಟ್ ವಾರಕ್ಕೆ ಒಂದೇ.

ಲಿಸನಿಂಗ್‌ದು ಬೇರೆ ತಲೆನೋವು. ಆಡಿಯೋ ಒಂದೇ ಸಲ ಕೇಳಿಸುತ್ತದೆ. ಒಂದು ಉತ್ತರ ತಪ್ಪಿಹೋಯಿತು ಅಂತ ಕೊರಗುತ್ತಾ ಕೂತರೆ ಮುಂದಿನ ಮೂರು ಕೈಬಿಡುತ್ತವೆ. 40 ಪ್ರಶ್ನೆಗೆ ತಲಾ ಒಂದೇ ಅಂಕ. ಅಭ್ಯಾಸದಲ್ಲಿ ಅವಳಿಗೆ ಗೊತ್ತಿದ್ದ ಉತ್ತರವನ್ನೂ ಬೇಕಂತಲೇ ಖಾಲಿ ಬಿಡಿಸಿ ಮುಂದೆ ಓಡಿಸಿದೆ. ಇದು ಪೂರ್ತಿ ಕೈಗೂಡಲಿಲ್ಲ ಅನ್ನಿ.

ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಮಾಡಿ, ಕೆಲವು ಉತ್ತರ ಬಾಯಿಪಾಠ ಮಾಡಲಾ ಅಂದಳು. ಬೇಡವೇ ಬೇಡ ಅಂದೆ. ಉರು ಹೊಡೆದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಹಿಡಿಯುತ್ತಾರೆ. ಅದೂ ಅಲ್ಲದೆ, ನಡುವೆ ಒಂದು ಸಾಲು ಮರೆತರೆ ಹಳೇ ಕಥೆಯೇ.

ಪರೀಕ್ಷೆ ಮುಗಿಸಿ ಹೊರಗೆ ಬಂದವಳೇ ಕರೆ ಮಾಡಿದಳು. ಏಣಿ ಅನ್ನುವುದಕ್ಕೆ ಇಂಗ್ಲಿಷ್ ಪದ ಮರೆತುಹೋಯಿತಂತೆ. "ಗೋಡೆಗೆ ಒರಗಿಸಿ ಹತ್ತುತ್ತೀವಲ್ಲ, ಅದು ಅಂತ ಹೇಳಿ ಮುಂದೆ ಹೋದೆ ಮೇಡಂ." ಸ್ಪೀಕಿಂಗ್‌ನಲ್ಲಿ ಒಂದು ಬ್ಯಾಂಡ್, ಅಂದರೆ ಅಂಕದ ಒಂದು ಮೆಟ್ಟಿಲು, ಏರಿತು. ಲಿಸನಿಂಗ್ ಇದ್ದಲ್ಲೇ ಇತ್ತು.