ಡ್ರೈವ್ ಇಂಪ್ಯಾಕ್ಟ್ ತಿನ್ನೋದು ನಿಂತಿದ್ದು ಹೀಗೆ

ಜಯನಗರದ ಗೆಳೆಯನ ಮನೆಯಲ್ಲಿ ಭಾನುವಾರ ನಾವು ಐದಾರು ಜನ ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೋ ಗೇಮ್ ಆಡುತ್ತೇವೆ. ನನ್ನ ಪಾತ್ರ ರ್‍ಯೂ. ಅಲ್ಲಿ ಕೆನ್ ಪಾತ್ರ ಆಡುವ ಒಬ್ಬನಿದ್ದಾನೆ, ತಿಂಗಳುಗಟ್ಟಲೆ ನನ್ನನ್ನು ಚಚ್ಚಿ ಹಾಕಿದ್ದಾನೆ. ಪ್ರತಿ ಸಲ ಅದೇ ಕಥೆ: ನಾನು ಮೂಲೆಯಲ್ಲಿ, ಅವನಿಂದ ಡ್ರೈವ್ ಇಂಪ್ಯಾಕ್ಟ್ (ಏಟು ತಿಂದರೂ ನಿಲ್ಲದೆ ಬಂದು ಬಡಿಯುವ ಭಾರಿ ಹೊಡೆತ), ಗೋಡೆಗೆ ಬಡಿದು ನಾನು ಕುಸಿತ.

"ಚೆನ್ನಾಗಿ ಆಡೋದು ಹೇಗೆ?" ಎಂದು ಅವನನ್ನೇ ಕೇಳುತ್ತಿದ್ದೆ. ಇದಕ್ಕೆ ಯಾರು ತಾನೇ ಏನು ಹೇಳಿಯಾರು? ಒಂದು ದಿನ ಅವನಿಗೆ ನಮ್ಮ ಆಟದ ರೀಪ್ಲೇ ತೋರಿಸಿ, "ಇಲ್ಲಿ ಯಾಕೆ ಸಿಕ್ಕಿಬಿದ್ದೆ?" ಎಂದೆ.

ಅವನು ನಕ್ಕ. "ಬಗ್ಗಿ ಒದ್ದ ತಕ್ಷಣ ಹಡೋಕೆನ್ ಬಿಡ್ತೀಯ. ಪ್ರತಿ ಸಲ. ನಾನು ಅದಕ್ಕೇ ಕಾಯ್ತಿರ್ತೀನಿ ಗುರು."

ಡ್ರೈವ್ ಇಂಪ್ಯಾಕ್ಟ್ ಎರಡು ಏಟು ತಡೆದುಕೊಳ್ಳುತ್ತೆ. ಒದೆ ಒಂದು, ಹಡೋಕೆನ್ ಅನ್ನೋ ಶಕ್ತಿಯ ಉಂಡೆ ಇನ್ನೊಂದು. ಲೆಕ್ಕ ಸರಿಯಾಯ್ತು ಅಲ್ವಾ! ಅದು ತಾಗಲು 26 ಫ್ರೇಮ್ ಬೇಕು. ಸೆಕೆಂಡಿಗೆ 60 ಫ್ರೇಮ್ ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಆದರೂ ನೋಡಿ, ತಿರುಗೇಟಾಗಿ ನಾವೂ ಡ್ರೈವ್ ಇಂಪ್ಯಾಕ್ಟ್ ಕೊಡಬಹುದು. ಆಗ ಬೇರೆ ಹೊಡೆತದ ಮಧ್ಯೆ ಮಾತ್ರ ಇರಬಾರದು.

ಟ್ರೈನಿಂಗ್ ಮೋಡ್‌ನಲ್ಲಿ ಎದುರಾಳಿ ಡಮ್ಮಿಗೆ ಮೂರು ಚಲನೆ ರೆಕಾರ್ಡ್ ಮಾಡಿದೆ: ನಡಿಗೆ, ಜಿಗಿತ, ಡ್ರೈವ್ ಇಂಪ್ಯಾಕ್ಟ್. ಯಾವುದು ಯಾವಾಗ ಬರುತ್ತೋ ಗೊತ್ತಾಗದಂತೆ ಓಡಿಸಿದೆ. ದಿನಕ್ಕೆ ಹದಿನೈದು ನಿಮಿಷ. ಮೊದಲ ವಾರ ಸುಮ್ನೆ ಬೆಚ್ಚಿ ಬಟನ್ ಒತ್ತುತ್ತಿದ್ದೆ. ಆಮೇಲೆ ನನ್ನ ರ್‍ಯೂನನ್ನು ಬಿಟ್ಟು ಎದುರಾಳಿಯನ್ನು ನೋಡಲು ಶುರು ಮಾಡಿದೆ. ಜಾಸ್ತಿ ಬದಲಾಗಿದ್ದು ಅದರಿಂದಲೇ.

ಹೋದ ಭಾನುವಾರ ಹತ್ತು ಆಟದಲ್ಲಿ ಮೂರು ಗೆದ್ದೆ. ಅವನೀಗ ಡ್ರೈವ್ ಇಂಪ್ಯಾಕ್ಟ್ ಬಿಟ್ಟು ಬರೀ ಹಿಡಿದೆಸೆಯೋ ಥ್ರೋ ಹಾಕುತ್ತಿದ್ದಾನೆ.