ಒಬ್ಬರು ಹೆಣೆದದ್ದು, ಇನ್ನೊಬ್ಬರು ಮೆತ್ತಿದ್ದು: ಮಾಜುಲಿಯಲ್ಲಿ ನನ್ನ ಅನುಭವ

‘ಒಂದೇ ಜಗುಲಿಯಲ್ಲಿ ಮೂರು ದಿನ ಕೂರಿಸಿದರೆ ಯಾರು ಮಾರಾಯರೇ ದುಡ್ಡು ಕೊಡುತ್ತಾರೆ?’ ಎಂದು ಕೇಳಿದವರು ಇಪ್ಪತ್ತು ವರ್ಷಗಳಿಂದ ಕಾಶಿ ಯಾತ್ರೆಯ ಬಸ್ಸು ನಡೆಸುತ್ತಿರುವ ನಮ್ಮೂರಿನ ಹಿರಿಯರು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ. ಕೈಯಾರೆ ಮುಖವಾಡ ಮಾಡಿ ಕಲಿಯಲೆಂದು ನಾನು ಕರೆದೊಯ್ಯುವ ಆರನೆಯ ತಂಡ 2025ರ ಫೆಬ್ರವರಿಯಲ್ಲಿ ಅಸ್ಸಾಮಿನ ಮಾಜುಲಿ ದ್ವೀಪದಿಂದ ಮರಳಿತು. ಐದು ಜನ, ಐದು ಮುಖವಾಡ, ಒಂದೂ ಬಿರುಕು ಬಿಟ್ಟಿಲ್ಲ. ಖರ್ಚೆಲ್ಲ ಕಳೆದು ಸುಮಾರು 45–50 ಸಾವಿರ ರೂಪಾಯಿ ನನ್ನ ಕೈಯಲ್ಲಿ ಉಳಿಯಿತು. ಕಾಶಿ ಬಸ್ಸಿನ ಹಿರಿಯರು ಮೊನ್ನೆ ಸಂತೆಯಲ್ಲಿ ಸಿಕ್ಕಿ, ‘ಆ ಅಸ್ಸಾಮಿನ ಲೆಕ್ಕ ಸ್ವಲ್ಪ ಹೇಳು’ ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲೂ ಉಳಿಸಿಕೊಳ್ಳುತ್ತೇನೆ.

ಕುಶಲಕರ್ಮಿಗಳ ಮನೆಗೆ ಜನರನ್ನು ಕರೆದೊಯ್ಯುವ ಕೆಲಸದಲ್ಲಿ ಇರುವವರಿಗೆ ಜೋರ್ಹಾಟ್‌ವರೆಗಿನ ದಾರಿ, ನಿಮಾತಿ ಘಾಟ್, ಅಲ್ಲಿಂದ ಕಮಲಾಬಾರಿಯ ದೋಣಿ ಇವನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಬ್ರಹ್ಮಪುತ್ರದ ನಡುವಿನ ಈ ದ್ವೀಪ 2016ರಿಂದ ಸ್ವತಂತ್ರ ಜಿಲ್ಲೆ. ವರ್ಷ ವರ್ಷ ಹೊಳೆ ಅದರ ಅಂಚನ್ನು ತಿನ್ನುತ್ತಲೇ ಇದೆ. ವೈಷ್ಣವ ಸಂತ ಶಂಕರದೇವರ ಪರಂಪರೆಯ ಸತ್ರಗಳು (ಅಲ್ಲಿನ ಮಠಗಳು), ಅವುಗಳ ಭಾವನಾ ಎಂಬ ಪೌರಾಣಿಕ ಆಟಕ್ಕೆ ಬೇಕಾದ ಮುಖವಾಡಗಳು, ಸಾಲ್ಮೋರಾ ಹಳ್ಳಿಯ ಮಡಕೆ, ಮಿಸಿಂಗ್ ಬುಡಕಟ್ಟಿನ ಹೆಂಗಸರ ಮಗ್ಗ ಎಲ್ಲವೂ ಒಂದು ದಿನದ ಸುತ್ತಾಟದೊಳಗೆ ಸಿಗುತ್ತವೆ. ನಾನು ಎಡವಿದ್ದೇ ಅಲ್ಲಿ. ಹತ್ತಿರ ಹತ್ತಿರ ಇದೆಯಲ್ಲ ಎಂದು ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದೆ.

ಮೊದಲ ಸಲ ಹೋದದ್ದು 2022ರ ನವೆಂಬರ್‌ನಲ್ಲಿ, ಅದೂ ರಾಸದ, ಅಂದರೆ ಕೃಷ್ಣನ ರಾಸಲೀಲೆಯ ಹಬ್ಬದ ಹೊತ್ತಿಗೆ. ಎಂಟು ಜನ, ತಲೆಗೆ 22,000. ರಾಸ ಎಂದರೆ ದ್ವೀಪಕ್ಕೆ ದ್ವೀಪವೇ ಎದ್ದು ನಿಲ್ಲುವ ಕಾಲ. ಹೊರಗಿನವರಿಗೆ ನೋಡಲು ಚೆನ್ನ, ಮುಖವಾಡ ಮಾಡುವವರಿಗೆ ಮಾತ್ರ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಆಟ ಶುರುವಾಗುವ ಹೊತ್ತಿಗೆ ನುಗ್ಗಿ ‘ಮುಖಕ್ಕೆ ಚುಟ್ಟಿ ಇಡುವುದು ಹೇಗೆ ತೋರಿಸಿ’ ಎಂದು ಕೇಳಿದಂತಾಯಿತು ನಮ್ಮ ಕಥೆ. ಒಂದೊಂದು ಕಡೆ ಇಪ್ಪತ್ತು ನಿಮಿಷ, ಒಂದಿಷ್ಟು ಫೋಟೊ, ಮತ್ತೆ ಗಾಡಿ. ಗುವಾಹಟಿಯ ಮಧ್ಯವರ್ತಿಯೊಬ್ಬ ಜೊತೆಯಲ್ಲಿದ್ದ. ಅವನಿಗೆ ಅಂಗಡಿಗಳಿಂದ ಕಮಿಷನ್ ಬರುತ್ತದೆಂದು ತಿಳಿದದ್ದು ಮೂರನೆಯ ದಿನ. ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು ಹಿಂದಿರುಗುವ ದೋಣಿಯಲ್ಲಿ ಮೆಲ್ಲಗೆ, ‘ಶಿರಸಿ ಜಾತ್ರೆಯಲ್ಲಿ ಬಳೆ ಅಂಗಡಿಯ ಮುಂದೆ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇವೆ’ ಎಂದರು. ಕೈ ಬಿಟ್ಟ ಹಣ 31,000 ಚಿಲ್ಲರೆ. ಹಣಕ್ಕಿಂತ ಆ ಮಾತು ಚುಚ್ಚಿತು.

ಎರಡನೆಯ ಸಲ, 2023ರ ಫೆಬ್ರವರಿಯಲ್ಲಿ, ತಿರುಗಾಟ ಬಿಟ್ಟು ಒಂದೇ ಕಡೆ ಕೂರುವುದೆಂದು ತೀರ್ಮಾನಿಸಿದೆ. ಎಲ್ಲರೂ ಹೋಗುವುದು ಸಮಗುರಿ ಸತ್ರಕ್ಕೆ. ಅಲ್ಲಿನ ಮುಖವಾಡ ಕಲಾವಿದ ಹೇಮಚಂದ್ರ ಗೋಸ್ವಾಮಿಯವರಿಗೆ ಆ ವರ್ಷವೇ ಪದ್ಮಶ್ರೀ ಘೋಷಣೆಯಾಗಿತ್ತು, ಜನ ಕೇಳಬೇಕೆ? ನಾವು ಕೂತದ್ದು ಆ ಪರಂಪರೆಯಲ್ಲಿ ಕಲಿತು ಮನೆಯಲ್ಲೇ ಕೆಲಸ ಮಾಡುವ ಒಬ್ಬರ ಅಂಗಳದಲ್ಲಿ. ಯಾರು, ಯಾವ ಊರು ಎಂದು ಬರೆಯುವುದಿಲ್ಲ. ನಾನು ಅವರನ್ನು ಅಣ್ಣ ಎಂಬರ್ಥದಲ್ಲಿ ದಾದಾ ಎನ್ನುತ್ತೇನೆ, ಇಲ್ಲೂ ಹಾಗೆಯೇ ಇರಲಿ.

ಆ ಸಲದ ಯೋಜನೆ ಕೇಳಲು ಬಹಳ ಸೊಗಸಾಗಿತ್ತು: ಮೂರು ದಿನ, ಒಬ್ಬೊಬ್ಬರಿಗೆ ಒಂದೊಂದು ಮುಖವಾಡ. ಆದರೆ ಬಿದಿರು ಹೆಣೆದು, ಜೇಡಿಮಣ್ಣಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಸಗಣಿ ಬೆರೆಸಿದ ಮಣ್ಣಿನಿಂದ ಕಣ್ಣು ಮೂಗು ಎಬ್ಬಿಸಿ, ಒಣಗಿಸಿ, ನಯ ಮಾಡಿ, ಬಣ್ಣ ಬಳಿಯುವ ಕೆಲಸಕ್ಕೆ ಹತ್ತು ಹದಿನೈದು ದಿನ ಬೇಕು. ಅದರಲ್ಲಿ ಮುಕ್ಕಾಲು ಪಾಲು ಒಣಗುವ ಸಮಯ. ನಾನು ಜಾಣನಂತೆ ಒಲೆಯ ಪಕ್ಕ ಇಟ್ಟು ಒಣಗಿಸಿದೆ. ದಾದಾ ಬೇಡವೆಂದರು, ಅತಿಥಿ ಎಂಬ ದಾಕ್ಷಿಣ್ಯಕ್ಕೆ ಒಂದೇ ಸಲ ಹೇಳಿ ಸುಮ್ಮನಾದರು. ಆರರಲ್ಲಿ ನಾಲ್ಕು ಬಿರುಕು ಬಿಟ್ಟವು. ನನ್ನ ನರಸಿಂಹನ ಕೆಳದವಡೆ ಜೋರ್ಹಾಟ್ ನಿಲ್ದಾಣದಲ್ಲಿ ಕೈಗೇ ಬಂತು. ಮೇಲ್ಮೈ ಗಟ್ಟಿಯಾಗಿ ಒಳಗೆ ಹಸಿ ಉಳಿದರೆ ಹೀಗೇ ಆಗುತ್ತದೆ. ಹೊಸ ಮಣ್ಣಿನ ಗೋಡೆಗೆ ಬಿಸಿಲು ಬಿದ್ದದ್ದನ್ನು ಕಂಡವರಿಗೆ ಗೊತ್ತಿರಬೇಕಾದ ವಿಷಯ, ನನಗೆ ಗೊತ್ತಿರಲಿಲ್ಲ.

ದುಡ್ಡಿನ ಎಡವಟ್ಟೂ ಆ ಸಲ ಆಯಿತು. ದಾದಾಗೆ ಕೂಲಿ ಕೊಡುವ ಬದಲು ‘ನಮ್ಮವರು ನಿಮ್ಮ ಮುಖವಾಡ ಕೊಳ್ಳುತ್ತಾರೆ’ ಎಂದು ಒಪ್ಪಿಸಿದ್ದೆ. ಮೂರು ದಿನ ಅವರ ಮನೆಯ ಚಹಾ ಕುಡಿದ ಜನ ನಾಲ್ಕನೆಯ ದಿನ 2,000ದ ಮುಖವಾಡಕ್ಕೆ 1,200 ಎಂದು ಚೌಕಾಸಿಗೆ ಇಳಿದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಅಂದಿನಿಂದ ಒಂದು ನಿಯಮ ಮಾಡಿದೆ: ದಿನಕ್ಕೆ ಇಂತಿಷ್ಟೆಂದು ಮುಂಗಡವಾಗಿ, ತಂಡ ಬರುವುದಕ್ಕೆ ಮೊದಲೇ ದಾದಾಗೆ ಸಂದಾಯ. ಯಾರಾದರೂ ಕೊಂಡರೆ ಅದು ಬೇರೆ ಲೆಕ್ಕ. ಆರಂಭದಲ್ಲಿ ದಿನಕ್ಕೆ 2,500 ಇತ್ತು, ಈಗ 4,000. ಸಾಮಗ್ರಿಗೆ ಪ್ರತ್ಯೇಕ.

ಕೊಡುವ ರೀತಿಯನ್ನು ಕಲಿತದ್ದು ಮಾತ್ರ ಅವರ ಮನೆಯವರಿಂದ. ಹಣವನ್ನು ಕೈಗೆ ತುರುಕಿದರೆ ಅವರಿಗೆ ಮುಜುಗರ. ತಟ್ಟೆಯಲ್ಲಿ ಗಮೋಸ ಎಂಬ ಅಸ್ಸಾಮಿನ ವಸ್ತ್ರ ಹಾಸಿ, ವೀಳ್ಯದೆಲೆ ಅಡಿಕೆಯ ಜೊತೆ ಇಟ್ಟು ಮುಂದಿಟ್ಟರೆ ನಗುತ್ತಾ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಭಾಗವತರಿಗೆ ವೀಳ್ಯ ಕೊಡುವುದನ್ನು ನೋಡಿ ಬೆಳೆದವನಿಗೆ ಇದು ಹೊಳೆಯದೇ ಹೋಯಿತಲ್ಲ ಎನಿಸಿತು.

ಅಡಿಕೆಯ ಮಾತು ಬಂತು, ಹೇಳಿಯೇ ಮುಂದೆ ಹೋಗುತ್ತೇನೆ. ನಾನು ಅಡಿಕೆ ಬೆಳೆಗಾರರ ಮಗ. ಅವರು ತಾಮೂಲ್ ಮುಂದಿಟ್ಟಾಗ ಧೈರ್ಯವಾಗಿ ಬಾಯಿಗೆ ಹಾಕಿಕೊಂಡೆ. ಅದು ಹಸಿ ಅಡಿಕೆ, ಒಣಗಿಸಿದ್ದಲ್ಲ. ಎರಡು ನಿಮಿಷಕ್ಕೆ ಕಿವಿ ಬಿಸಿಯಾಗಿ, ಡಿಸೆಂಬರ್ ಚಳಿಯಲ್ಲಿ ಬೆವರು ಕಿತ್ತು, ಕಂಬ ಹಿಡಿದು ಕೂತೆ. ಸೇಡು ತೀರಿಸಿಕೊಳ್ಳಲು ಮುಂದಿನ ಸಲ ನಮ್ಮ ಒಣಗಿಸಿದ ಚಾಲಿ ಅಡಿಕೆ ಎರಡು ಕಿಲೋ ಒಯ್ದೆ. ದಾದಾನ ತಾಯಿ ಒಂದು ಹೋಳನ್ನು ಕಚ್ಚಿ ನೋಡಿ, ‘ಇದು ಮರವಲ್ಲವೇ?’ ಎಂದು ಮೊಮ್ಮಗನ ಕೈಗೆ ಕೊಟ್ಟರು.

ಮೂರನೆಯ ತಂಡ 2023ರ ಡಿಸೆಂಬರ್‌ನದು. ಆಗ ಕೈ ಕೊಟ್ಟದ್ದು ಬೆಳಕು. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮವರು ಎಂಟೂವರೆಗೆ ತಿಂಡಿ, ಹತ್ತಕ್ಕೆ ಕೆಲಸ ಎಂದು ಕೂತರೆ ಕೈಗೆ ಸಿಗುವುದು ನಾಲ್ಕೈದು ಗಂಟೆ. ಈಗ ಆರೂವರೆಗೆ ಅಂಗಳದಲ್ಲಿ ಇರಬೇಕು ಎಂದು ಹಣ ಕಟ್ಟುವ ಮೊದಲೇ ಹೇಳುತ್ತೇನೆ. ಹಿಂಜರಿಯುವವರು ಅಲ್ಲೇ ಹಿಂದೆ ಸರಿಯುತ್ತಾರೆ, ಒಳ್ಳೆಯದೇ.

ಆದರೆ ಆ ಸಲವೇ ಉಪಾಯ ಕಾಲಿಗೆ ತೊಡರಿತು. ಫೆಬ್ರವರಿಯ ತಂಡದಲ್ಲಿ ಹುಬ್ಬಳ್ಳಿಯವರೊಬ್ಬರು ಜ್ವರ ಬಂದು ಅರ್ಧಕ್ಕೆ ಬಿಟ್ಟ ಗರುಡನ ಚೌಕಟ್ಟು ದಾದಾನ ಮನೆಯ ಮಾಡಿಗೆ ನೇತುಬಿದ್ದಿತ್ತು. ಹತ್ತು ತಿಂಗಳು ಕಳೆದು ಬಿದಿರು ಬಿಗಿದು ಕೂತಿತ್ತು. ಹೊಸ ತಂಡದ ಹುಡುಗಿಯೊಬ್ಬಳು ‘ನಾನು ಇದಕ್ಕೇ ಬಟ್ಟೆ ಮೆತ್ತಲೇ?’ ಎಂದು ಕೇಳಿದಳು. ಹೆಣೆಯುವ ದಿನ ಉಳಿಯಿತು, ಮಣ್ಣು ನಿಧಾನವಾಗಿ ನೆರಳಲ್ಲಿ ಒಣಗಿತು. ಆ ತಂಡದಲ್ಲಿ ಬಿರುಕಿಲ್ಲದೆ ಮನೆ ಸೇರಿದ ಮುಖವಾಡ ಅದೊಂದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರತಿ ತಂಡವೂ ಮುಂದಿನ ತಂಡಕ್ಕಾಗಿ ಹೆಣೆಯಲಿ. ಹಿಂದಿನವರು ಹೆಣೆದದ್ದಕ್ಕೆ ಮಣ್ಣು ಮೆತ್ತಲಿ. ಅದಕ್ಕೂ ಹಿಂದಿನವರು ಮೆತ್ತಿ ಒಣಗಿದ್ದಕ್ಕೆ ಬಣ್ಣ ಬಳಿದು ಮನೆಗೆ ಒಯ್ಯಲಿ. ಮೂರು ದಿನದಲ್ಲಿ ಮೂರೂ ಕೆಲಸಕ್ಕೆ ಕೈ ಹಾಕಿದಂತಾಯಿತು, ಒಣಗಲು ವಾರಗಟ್ಟಲೆ ಸಮಯವೂ ಸಿಕ್ಕಿತು. ಕೈಯಲ್ಲಿರುವ ಮುಖವಾಡ ಮಾತ್ರ ಮೂವರದ್ದು.

ಇದನ್ನು ಹೇಳಿದಾಗ ಹೆಂಡತಿಯಿಂದ ಹಿಡಿದು ಎಲ್ಲರೂ ನಕ್ಕರು. ‘ನಾನು ಮಾಡಿದ್ದು’ ಎಂದು ಗೋಡೆಗೆ ತೂಗುಹಾಕಲು ಜನ ಬರುವುದು, ಇನ್ಯಾರದ್ದೋ ಎಂಜಲನ್ನು ಹಣ ಕೊಟ್ಟು ಒಯ್ಯುತ್ತಾರೆಯೇ ಎಂದರು. ದಾದಾ ಕೂಡ ಒಪ್ಪಲು ತಡ ಮಾಡಿದರು. ಅವರ ಚಿಂತೆ ಬೇರೆ: ಸಡಿಲವಾಗಿ ಹೆಣೆದ ಚೌಕಟ್ಟು ಮುಂದಿನವರಿಗೆ ಹೋದರೆ ಹೆಸರು ಕೆಡುವುದು ಅವರದ್ದು. ಕಡೆಗೆ ಹೆಣೆದ ಎಲ್ಲವನ್ನೂ ಅವರು ಪರೀಕ್ಷಿಸುವುದು, ಸರಿಯಿಲ್ಲದ್ದನ್ನು ಒಲೆಗೆ ಹಾಕುವುದು ಎಂದಾಯಿತು. ಒಮ್ಮೆ ಐದರಲ್ಲಿ ಮೂರು ಒಲೆಗೆ ಹೋದವು. ಅವುಗಳಲ್ಲಿ ಒಂದು ನನ್ನದು. ಕೊರತೆ ಬಿದ್ದದ್ದನ್ನು ಅವರೇ ಹೆಣೆದು ತುಂಬಿಸುತ್ತಾರೆ, ಅದಕ್ಕೂ ಕೂಲಿ ಉಂಟು.

ಹೀಗೆ ನಡೆದ ತಂಡಗಳು ಮೂರು: 2024ರ ನವೆಂಬರ್ ಕೊನೆ, ಮುಂದಿನ ಜನವರಿ, ಫೆಬ್ರವರಿ. ಮೊದಲನೆಯದಕ್ಕೆ ಹಿಂದಿನ ಸಾಲು ಇರಲಿಲ್ಲವಾದ್ದರಿಂದ ದಾದಾರಿಂದಲೇ ಹತ್ತು ಚೌಕಟ್ಟು ಮಾಡಿಸಿ, ಐದಕ್ಕೆ ಮಣ್ಣನ್ನೂ ಮೆತ್ತಿಸಿಟ್ಟೆ. 18,000 ಹೋಯಿತು, ಆ ತಂಡದಲ್ಲಿ ಲಾಭವಿಲ್ಲ. ಫೆಬ್ರವರಿಯ ಲೆಕ್ಕ ಹೀಗೆ: ವಿಮಾನ ಬಿಟ್ಟು ತಲೆಗೆ 34,000. ವಸತಿ ಊಟಕ್ಕೆ 42,000, ಗಾಡಿಗೆ 25,000ದ ಹತ್ತಿರ, ಮುಖವಾಡ, ಮಡಕೆ, ಮಗ್ಗ ಹೀಗೆ ಮೂರು ಮನೆಗಳ ಕೂಲಿ ಮತ್ತು ಸಾಮಗ್ರಿಗೆ 33–34 ಸಾವಿರ, ನನ್ನ ಪ್ರಯಾಣ, ದೋಣಿ, ಚಿಲ್ಲರೆ 21,000. ಉಳಿದದ್ದು ಮೊದಲೇ ಹೇಳಿದೆ. ಐದಕ್ಕಿಂತ ಹೆಚ್ಚು ಜನ ಬೇಡ. ಆರನೆಯವರು ಬಂದರೆ ಒಬ್ಬರು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಕ್ರಮದಲ್ಲಿ ಕೆಂಪಿಗೆ ಹೆಂಗುಲ್, ಹಳದಿಗೆ ಹಾಯ್ತಾಲ್ ಬಳಸುತ್ತಾರೆ, ಅಂದರೆ ನಮ್ಮ ಇಂಗಳೀಕ ಮತ್ತು ಹರಿತಾಳ. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್. ‘ಸಹಜ ಬಣ್ಣ’ ಎಂದು ಆಸೆಪಟ್ಟು ಬಂದವರ ಬೆರಳಿಗೆ ನಾನು ಅದನ್ನು ಹಚ್ಚಿಸುವುದಿಲ್ಲ. ಅಂಗಡಿಯ ಬಣ್ಣವೇ ಸಾಕು.

ಸಾಲ್ಮೋರಾದಲ್ಲಿ ನಾನಿನ್ನೂ ಗೆದ್ದಿಲ್ಲ. ಅಲ್ಲಿ ತಿಗರಿ, ಅಂದರೆ ಕುಂಬಾರನ ಚಕ್ರ ಇಲ್ಲ. ಹೆಂಗಸರು ಕೈಯಿಂದಲೇ ಮಣ್ಣನ್ನು ಎತ್ತಿ, ಮರದ ಹಲಗೆಯಿಂದ ತಟ್ಟಿ ತಟ್ಟಿ ಗಡಿಗೆಯ ಹೊಟ್ಟೆ ಉಬ್ಬಿಸುತ್ತಾರೆ. ಮಣ್ಣು ಅಗೆಯುವುದು, ಸುಡುವುದು ಗಂಡಸರ ಪಾಲು. ಸೌದೆ ಹೊಳೆ ತಂದುಕೊಟ್ಟದ್ದು. ಹಿಂದೆ ದೋಣಿಯಲ್ಲಿ ಮಡಕೆ ತುಂಬಿಕೊಂಡು ಹೋಗಿ ಭತ್ತಕ್ಕೆ ಬದಲಾಯಿಸಿ ಬರುತ್ತಿದ್ದರು. ನಮ್ಮವರ ಕೈಯಲ್ಲಿ ಹುಟ್ಟಿದ್ದು ಗಡಿಗೆಗಿಂತ ಬೆಲ್ಲದ ಅಚ್ಚಿಗೇ ಹತ್ತಿರ. ಕಷ್ಟ ಅದಲ್ಲ: ಸಾಕಷ್ಟು ಮಡಕೆ ಸೇರುವವರೆಗೆ ಮಡಕೆ ಸುಡುವ ಆವಿಗೆಗೆ ಬೆಂಕಿ ಇಡುವುದಿಲ್ಲ, ನಾವಿರುವ ದಿನಕ್ಕೆ ಅದು ಸೇರುವುದಿಲ್ಲ. ಏಳು ಹಸಿ ಮಡಕೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ ಊರಿಗೆ ತಂದು ಅಂಗಳದಲ್ಲಿ ಸುಟ್ಟೆ. ಬದುಕಿದ್ದು ಎರಡು. ಒಂದನ್ನು ಬೆಕ್ಕು ಉರುಳಿಸಿತು.

ಇನ್ನೊಂದು ಪ್ರಯೋಗವೂ ಆಯಿತು. ಒಂದು ಖಾಲಿ ಚೌಕಟ್ಟನ್ನು ನಮ್ಮೂರಿನ ಮೇದಾರರ ಮುಂದಿಟ್ಟೆ. ಅವರು ಆರು ಮೂಲೆಯ ಕಣ್ಣುಗಳನ್ನು ಬೆರಳಲ್ಲಿ ಎಣಿಸಿ, ‘ಇದು ಹೊಗೆ ಅಟ್ಟದ ಬುಟ್ಟಿಯ ಹೆಣಿಗೆ’ ಎಂದು ಅರ್ಧ ಗಂಟೆಯಲ್ಲಿ ಇನ್ನೊಂದು ಹೆಣೆದುಕೊಟ್ಟರು. ದಾದಾನದಕ್ಕಿಂತ ಬಿಗಿ. ಆದರೆ ನಮ್ಮ ಬಿದಿರು ದಪ್ಪ. ತಲೆಗೆ ಇಟ್ಟುಕೊಂಡು ಹತ್ತು ನಿಮಿಷ ಕುಣಿದರೆ ಕುತ್ತಿಗೆ ಹೋಗುತ್ತದೆ. ಹುತ್ತದ ಮಣ್ಣು ಮೆತ್ತಿದೆ, ಸೊಗಸಾಗಿ ಹಿಡಿಯಿತು. ಆದರೆ ಮಳೆಗಾಲ ಮುಗಿಯುವ ಮುನ್ನ ಬಿದಿರಿಗೆ ಕುಟ್ಟೆ ಬಿತ್ತು. ದಾದಾ ಬಿದಿರನ್ನು ಮೊದಲು ಒಂದು ವಾರ ನೀರಿನಲ್ಲಿ ಮುಳುಗಿಸುತ್ತಾರೆಂದು ಗೊತ್ತಿದ್ದೂ ನಾನು ಬಿಟ್ಟಿದ್ದೆ.

ಸಗಣಿ–ಮಣ್ಣಿನ ಪ್ರಮಾಣ ಕೇಳಬೇಡಿ. ಅದು ದಾದಾನ ಸೊತ್ತು. ವಿಮಾನದಲ್ಲಿ ಮುಖವಾಡ ಮುರಿಯದಂತೆ ಕಟ್ಟುವ ಬಗೆ ನನ್ನ ಸೊತ್ತು, ಅದನ್ನೂ ಕೇಳಬೇಡಿ. ಅಡಿಕೆ ಹಾಳೆ ಬೇಕಾಗುತ್ತದೆ ಎನ್ನುವಷ್ಟು ಹೇಳಬಲ್ಲೆ.

ಮಳೆಗಾಲದಲ್ಲಿ ದಾದಾನ ಅಂಗಳಕ್ಕೆ ನೀರು ಬರುತ್ತದೆ. ಫೆಬ್ರವರಿಯವರು ಹೆಣೆದಿಟ್ಟ ಐದು ಚೌಕಟ್ಟುಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಾಗ, ನಾವು ಎರಡು ದಿನ ಮಗ್ಗದ ಮುಂದೆ ಕೂತಿದ್ದ ಮಿಸಿಂಗ್ ಮನೆಯ ಬಾಯ್ದೇವ್ (ಅಕ್ಕ) ‘ನಮ್ಮಲ್ಲಿಗೆ ಕೊಡಿ’ ಎಂದರು. ಅವರದ್ದು ಕಂಬಗಳ ಮೇಲಿನ ಮನೆ. ಒಲೆಯ ಮೇಲೆ ತೂಗುವ ಅಟ್ಟವಿದೆ, ನಮ್ಮ ಮಲೆನಾಡಿನ ಹಾಗೆಯೇ ಮಸಿ ಹಿಡಿದದ್ದು. ಮೊನ್ನೆ ಅವರ ಮಗ ಫೋಟೊ ಕಳಿಸಿದ್ದ. ಕೆಳಗೆ ಮಗ್ಗದ ಜಾಗದಲ್ಲಿ ಕೆಂಪು ನೀರು, ಮೇಲೆ ಹೊಗೆಯಲ್ಲಿ ಒಣಮೀನಿನ ಪಕ್ಕ ಐದು ಬೋಳು ಮುಖ. ಮೂಗು ಸೊಟ್ಟಗಿರುವುದು ನಾನು ಹೆಣೆದದ್ದು. ಅದು ದಾದಾನ ಪರೀಕ್ಷೆಯಲ್ಲಿ ಹೇಗೆ ಪಾಸಾಯಿತೋ ಗೊತ್ತಿಲ್ಲ. ನವೆಂಬರ್‌ನಲ್ಲಿ ಯಾರ ಪಾಲಿಗೆ ಬರುತ್ತದೋ, ಅವರಿಗೆ ನಾನೇನೂ ಹೇಳುವುದಿಲ್ಲ.