ಸ್ಲೈಡಿನಲ್ಲಿ ಕಂಡ ಹುಳು ಹೃದಯದ್ದೇ? ನಾನು ಅಳೆದು ನೋಡುವ ಬಗೆ

ಉಣ್ಣಿ (ಉಣುಗು) ಕಚ್ಚಿ ಬರುವ ಜ್ವರದ ಅನುಮಾನದಲ್ಲಿ ನಾಯಿಯ ರಕ್ತ ನೋಡುವಾಗ, ಸ್ಲೈಡಿನ ಅಂಚಿನಲ್ಲಿ ದಾರದ ಎಳೆಯಂಥ ಮೈಕ್ರೊಫೈಲೇರಿಯಾ (ರಕ್ತದಲ್ಲಿ ಓಡಾಡುವ ಹುಳುಮರಿ) ಕಣ್ಣಿಗೆ ಬೀಳುವುದು ಬೆಂಗಳೂರಿನಲ್ಲಿ ಅಪರೂಪವಲ್ಲ. ಕಂಡ ಕೂಡಲೇ ಚೀಟಿಯಲ್ಲಿ ‘ಹಾರ್ಟ್‌ವರ್ಮ್’ (ಹೃದಯಹುಳು) ಎಂದು ಬರೆದುಬಿಡಬಾರದು. ದಕ್ಷಿಣ ಭಾರತದ ನಾಯಿಗಳಲ್ಲಿ ಹೆಚ್ಚಾಗಿ ಸಿಗುವುದು ಡೈರೋಫೈಲೇರಿಯಾ ರೆಪೆನ್ಸ್, ಅಂದರೆ ಚರ್ಮದಡಿ ಬದುಕುವ ಹುಳು. ಶ್ವಾಸಕೋಶದ ರಕ್ತನಾಳದಲ್ಲೂ ಹೃದಯದ ಬಲಭಾಗದಲ್ಲೂ ಬೀಡುಬಿಡುವ ಡೈರೋಫೈಲೇರಿಯಾ ಇಮ್ಮಿಟಿಸ್ ಬೇರೆಯದು, ಹೃದಯಹುಳು ಎಂದರೆ ಅದೇ. ಅದರ ವರದಿಗಳು ಅಸ್ಸಾಂ, ಮಿಜೋರಾಂ ಕಡೆಯಿಂದ ಬಂದಿವೆ. ಇವೆರಡನ್ನೂ ಹರಡುವುದು ಸೊಳ್ಳೆ. ಮೂರನೆಯದು ಅಕಾಂತೊಕೀಲೊನೀಮಾ ರೆಕಾಂಡಿಟಮ್, ಚಿಗಟದಿಂದ ಬರುವಂಥದ್ದು, ಹೆಚ್ಚುಕಡಿಮೆ ನಿರುಪದ್ರವಿ.

ಹಾಗಾಗಿ ‘ನಮ್ಮೂರಲ್ಲಿ ಎಷ್ಟು ನಾಯಿಗಳಿಗಿದೆ’ ಎಂದು ಯಾರಾದರೂ ಕೇಳಿದರೆ, ಯಾವ ಪರೀಕ್ಷೆಯ ಲೆಕ್ಕ ಎಂದು ಮೊದಲು ವಿಚಾರಿಸಬೇಕು. ಬರೀ ಸ್ಲೈಡಿನ ಲೆಕ್ಕದಲ್ಲಿ ಮೂರೂ ಹುಳು ಒಂದೇ ಬುಟ್ಟಿಗೆ ಬೀಳುತ್ತವೆ. ಆ ಸಂಖ್ಯೆಯನ್ನು ಹೃದಯಹುಳುವಿನದೆಂದು ಓದಿದರೆ ಇಲ್ಲದ ಭಯ ಹುಟ್ಟುತ್ತದೆ. ಇನ್ನೊಂದು ಕಡೆ, ಒಂದೇ ಲಿಂಗದ ಹುಳುಗಳಿದ್ದರೆ ರಕ್ತದಲ್ಲಿ ಹುಳುಮರಿಯೇ ಇರುವುದಿಲ್ಲ, ಆ ನಾಯಿ ಲೆಕ್ಕದಿಂದಲೇ ತಪ್ಪಿಹೋಗುತ್ತದೆ.

ಗುರುತು ಹಿಡಿಯಲು ನಾನು ನೆಚ್ಚಿಕೊಂಡಿರುವುದು ಮಾರ್ಪಡಿಸಿದ ನಾಟ್ (Knott) ಪರೀಕ್ಷೆ, ಅಂದರೆ ರಕ್ತಕಣ ಒಡೆದು ಹುಳುಮರಿಗಳನ್ನು ತಳಕ್ಕೆ ಇಳಿಸಿ ನೋಡುವ ವಿಧಾನ. ಮರಿಗಳು ಸಂಜೆ, ರಾತ್ರಿ ಹೊತ್ತಿಗೆ ರಕ್ತದಲ್ಲಿ ಹೆಚ್ಚುವುದರಿಂದ ಸಾಧ್ಯವಾದರೆ ಸಂಜೆಯೇ ರಕ್ತ ತೆಗೆಯುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಿಂದ 1 ಮಿಲಿ ರಕ್ತ, ಅದಕ್ಕೆ 9 ಮಿಲಿ 2% ಫಾರ್ಮಲಿನ್. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡುತ್ತ ಬೆರೆಸಿದರೆ ರಕ್ತಕಣಗಳು ಒಡೆದು ದ್ರಾವಣ ತಿಳಿಯಾದ ಕೆಂಪು ವೈನಿನ ಬಣ್ಣಕ್ಕೆ ತಿರುಗುತ್ತದೆ. 1500 ಆರ್‌ಪಿಎಂನಲ್ಲಿ 5 ನಿಮಿಷ ಸುತ್ತಿಸಿ, ಮೇಲಿನ ನೀರು ಚೆಲ್ಲಿ, ತಳದ ಗಸಿಗೆ ಒಂದು ಹನಿ ಮಿಥಿಲೀನ್ ಬ್ಲೂ ಸೇರಿಸಿ, ಕವರ್‌ಸ್ಲಿಪ್ ಹಾಕಿ ಮೊದಲು 10ಎಕ್ಸ್, ಆಮೇಲೆ 40ಎಕ್ಸ್.

ಎಡವುವುದು ಬಹುತೇಕ ಫಾರ್ಮಲಿನ್‌ನಲ್ಲೇ. 37% ಫಾರ್ಮಾಲ್ಡಿಹೈಡ್ 2 ಮಿಲಿಗೆ ಡಿಸ್ಟಿಲ್ಡ್ ವಾಟರ್ 98 ಮಿಲಿ. ಸಲೈನಿನಲ್ಲಿ ಕಲಸಿದರೆ ಕೆಂಪು ರಕ್ತಕಣ ಒಡೆಯುವುದಿಲ್ಲ, ತಳದಲ್ಲಿ ದಪ್ಪ ಕೆಂಪು ಕೆಸರು ಕೂತು ಹುಳು ಅದರೊಳಗೆ ಮುಚ್ಚಿಹೋಗುತ್ತದೆ. ಅಂಗಾಂಶ ಇಡುವ 10% ಫಾರ್ಮಲಿನ್ನನ್ನೇ ಸುರಿದರೂ ಕೆಲಸ ಕೆಡುತ್ತದೆ. ಒಣಗಿದ ಸ್ಮಿಯರ್‌ನಲ್ಲಿ ಅಳೆಯುವುದಂತೂ ಬೇಡ, ಹುಳು ಕುಗ್ಗಿರುತ್ತದೆ.

ಈಗ ಅಳತೆ. ಐಪೀಸ್ ಮೈಕ್ರೊಮೀಟರನ್ನು (ಕಣ್ಣಿನ ಮಸೂರದೊಳಗಿನ ಅಳತೆಪಟ್ಟಿ) ಆಯಾ ಮೈಕ್ರೊಸ್ಕೋಪಿಗೆ ಹೊಂದಿಸಿಕೊಂಡು ಕನಿಷ್ಠ ಐದಾರು ಹುಳುಗಳನ್ನಾದರೂ ಅಳೆಯಿರಿ. ಇಮ್ಮಿಟಿಸ್ ಸುಮಾರು 290–330 ಮೈಕ್ರಾನ್, ತಲೆ ಚೂಪಾಗುತ್ತ ಹೋಗಿರುತ್ತದೆ, ಬಾಲ ನೇರ. ರೆಪೆನ್ಸ್ 300–370, ತಲೆ ಮೊಂಡು, ಬಾಲ ಎಳೆಯಂತೆ ತೆಳ್ಳಗಾಗಿ ಹಲವು ಸಲ ಕೊಡೆಯ ಹಿಡಿಯಂತೆ ಬಾಗಿರುತ್ತದೆ. ರೆಕಾಂಡಿಟಮ್ 250–290, ಇವೆರಡಕ್ಕಿಂತ ಸಣಕಲು, ಬಾಲ ಕೊಕ್ಕೆ. ಮೊದಲೆರಡರ ಉದ್ದ ಒಂದರ ಮೇಲೊಂದು ಬರುವುದನ್ನು ಗಮನಿಸಿ. ಉದ್ದವೊಂದನ್ನೇ ನಂಬಬೇಡಿ, ತಲೆ ನೋಡಿ. ಆಗಲೂ ತೀರ್ಮಾನಕ್ಕೆ ಬಾರದಿದ್ದರೆ ಹುಳುವಿನ ಡಿಎನ್ಎ ನೋಡಿ ಗುರುತಿಸುವ ಪಿಸಿಆರ್‌ಗೆ ಕಳಿಸುವುದೇ ಸರಿ.

ಜೊತೆಗೆ ಆಂಟಿಜೆನ್ ಕಿಟ್ ಬೇಕೇ ಬೇಕು. ಅದು ಹಿಡಿಯುವುದು ಬೆಳೆದ ಹೆಣ್ಣು ಹೃದಯಹುಳು ಬಿಡುವ ಪ್ರೋಟೀನನ್ನು, ಅದೇ ಆಂಟಿಜೆನ್. ಸೋಂಕು ತಗುಲಿ ಐದಾರು ತಿಂಗಳಾಗುವವರೆಗೆ ಅದು ಸಿಗದು, ಆದ್ದರಿಂದ 7 ತಿಂಗಳೊಳಗಿನ ನಾಯಿಮರಿಗೆ ಈ ಪರೀಕ್ಷೆ ವ್ಯರ್ಥ. ಫ್ರಿಜ್‌ನಲ್ಲಿಟ್ಟ ಕಿಟ್ಟನ್ನು ಕೋಣೆಯ ಬಿಸಿಗೆ ಬಂದ ಮೇಲೆ ಬಳಸಿ, ಹೇಳಿದ ನಿಮಿಷಕ್ಕೇ ಓದಿ. ಹೊತ್ತು ಮೀರಿ ಮೂಡಿದ ಮಸುಕು ಗೆರೆಗೆ ಬೆಲೆಯಿಲ್ಲ. ಲಕ್ಷಣ ಬಲವಾಗಿದ್ದೂ ಕಿಟ್ ನೆಗೆಟಿವ್ ಬಂದರೆ, ಆಂಟಿಜೆನ್ ಪ್ರತಿಕಾಯಗಳ ಜೊತೆ ಅಂಟಿಕೊಂಡಿರಬಹುದು. ಸೀರಮ್ಮನ್ನು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಕಾಯಿಸಿ, ಸುತ್ತಿಸಿ, ಮೇಲಿನ ತಿಳಿಯಲ್ಲಿ ಮತ್ತೆ ನೋಡಬಹುದು. ಆದರೆ ಹಾಗೆ ಕಾಯಿಸಿದಾಗ ರೆಪೆನ್ಸ್, ಸ್ಪೈರೋಸರ್ಕಾ (ಅನ್ನನಾಳದಲ್ಲಿ ಗಂಟು ಕಟ್ಟುವ ಹುಳು) ಹುಳುಗಳೂ ಸುಳ್ಳು ಗೆರೆ ಮೂಡಿಸಬಲ್ಲವು. ನಮ್ಮಂಥ ಊರಿನಲ್ಲಿ ಎಲ್ಲ ಸ್ಯಾಂಪಲ್ಲಿಗೂ ಈ ಕ್ರಮ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಪಾಸಿಟಿವ್ ಬಂದರೆ ಬೇರೆ ಕಂಪನಿಯ ಕಿಟ್ಟಿನಲ್ಲಿ ಇನ್ನೊಮ್ಮೆ ನೋಡಿ, ಎಕ್ಸ್‌ರೇ ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುತ್ತೇನೆ. ಎಕೋದಲ್ಲಿ ಶ್ವಾಸಕೋಶದ ರಕ್ತನಾಳದೊಳಗೆ ಸಮಾನಾಂತರ ಜೋಡಿಗೆರೆ, ‘=’ ಚಿಹ್ನೆಯಂತೆ, ಕಂಡರೆ ಅದು ಹುಳುವಿನ ಮೈಗೋಡೆ. ಹುಳು ಕಡಿಮೆಯಿದ್ದಾಗ ಎಕೋದಲ್ಲಿ ಏನೂ ಕಾಣದಿರಬಹುದು.

ಯಾವ ಹುಳುವೆಂದು ತಿಳಿಯುವ ಮುನ್ನ ಹುಳುಮರಿ ಕೊಲ್ಲುವ ಔಷಧಿ ಐವರ್‌ಮೆಕ್ಟಿನ್ ಚುಚ್ಚುವ ರೂಢಿ ನಿಲ್ಲಬೇಕು. ರಕ್ತದಲ್ಲಿ ಹುಳುಮರಿಗಳು ಕಿಕ್ಕಿರಿದಿದ್ದರೆ ಒಮ್ಮೆಗೇ ಸತ್ತು ನಾಯಿ ಶಾಕ್‌ಗೆ ಹೋಗಬಹುದು, ಕಾಲಿ (collie) ತಳಿಯ ನಾಯಿಗಳಿಗೆ ಹೆಚ್ಚಿನ ಡೋಸ್ ಮಿದುಳಿಗೇ ವಿಷ. ಹೃದಯಹುಳು ಹೌದೆಂದಾದರೆ ಆ ದಿನದಿಂದಲೇ ಓಟ, ಚೆಂಡಾಟ ಬಂದ್. ಬರೀ ರೆಪೆನ್ಸ್ ಆಗಿದ್ದರೆ ಆ ಕಟ್ಟುಪಾಡು ಬೇಕಿಲ್ಲ.